ಅರ್ಧ ದುಡ್ಡಿಗೆ ಅರ್ಧ ಕೆಲಸ ಆಗುವುದಿಲ್ಲ: ಸಿಟಿಯ ಗ್ರಾಂಟ್ ಹಂಚಿದ ನನ್ನ ಅನುಭವ

ನಮ್ಮ ಅತ್ತೆ ಶಿವಮೊಗ್ಗದಿಂದ ಬಂದು ನಮ್ಮ ಜೊತೆ ಇದ್ದಾಗ ವಾರಕ್ಕೆ ಮೂರು ದಿನ ಸೀನಿಯರ್ ಸೆಂಟರ್‌ಗೆ ಹೋಗುತ್ತಿದ್ದರು. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಾರಿಲ್ಲದೆ ಓಡಾಡುವುದು ಕಷ್ಟ ಅಲ್ವಾ, ಹಾಗಾಗಿ ಸೆಂಟರ್‌ನ ವ್ಯಾನೇ ಮನೆ ಬಾಗಿಲಿಗೆ ಬರುತ್ತಿತ್ತು. ಒಂದು ಜುಲೈನಲ್ಲಿ ವ್ಯಾನ್ ನಿಂತುಹೋಯಿತು. ಕೇಳಿದರೆ, "ಈ ವರ್ಷ ಸಿಟಿಯಿಂದ ಬರುವ ಗ್ರಾಂಟ್ ಕಡಿಮೆ ಆಯಿತು" ಅಂದರು. ಅತ್ತೆ ಆ ಬೇಸಿಗೆ ಪೂರ್ತಿ ಕಿಟಕಿ ಪಕ್ಕದಲ್ಲೇ ಕೂತು ಕಳೆದರು. ಆ ಗ್ರಾಂಟ್ ಯಾರು ಹಂಚುತ್ತಾರೆ, ಹೇಗೆ ಹಂಚುತ್ತಾರೆ ಅಂತ ವಿಚಾರಿಸುತ್ತಾ ಹೋದವಳು ಕೊನೆಗೆ ಸಿಟಿಯ ಸಲಹಾ ಕಮಿಟಿಗೇ ಅರ್ಜಿ ಹಾಕಿದೆ. ನಾಲ್ಕು ವರ್ಷ ಅಲ್ಲಿದ್ದೆ. ಏಳು ಜನ ಸದಸ್ಯರು, ಎಲ್ಲರೂ ಊರಿನವರೇ. ಸಂಬಳ ಇಲ್ಲ.

ಈ ದುಡ್ಡಿನ ಹೆಸರು ಕಮ್ಯುನಿಟಿ ಡೆವಲಪ್‌ಮೆಂಟ್ ಬ್ಲಾಕ್ ಗ್ರಾಂಟ್. ಎಲ್ಲರ ಬಾಯಲ್ಲೂ ಸಿಡಿಬಿಜಿ. 1974ರ ಆಗಸ್ಟ್‌ನಲ್ಲಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸಹಿ ಹಾಕಿದ ಕಾನೂನಿನಿಂದ ಶುರುವಾದದ್ದು. ಅದಕ್ಕೆ ಮುಂಚೆ ಬೇರೆ ಬೇರೆ ಕೆಲಸಕ್ಕೆ ವಾಷಿಂಗ್ಟನ್‌ಗೆ ಬೇರೆ ಬೇರೆ ಅರ್ಜಿ ಹೋಗಬೇಕಿತ್ತು. ಹೊಸ ಕಾನೂನು ಅಂಥ ಹಲವನ್ನು ಒಂದೇ ಗಂಟು ಮಾಡಿತು. ಯಾವ ಕೆಲಸ ಮೊದಲು ಅನ್ನುವುದನ್ನು ಬಹುಮಟ್ಟಿಗೆ ಊರಿಗೇ ಬಿಟ್ಟಿತು. ದೊಡ್ಡ ನಗರ ಪ್ರದೇಶಗಳಲ್ಲಿ 50,000 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಊರುಗಳಿಗೆ ಕೇಂದ್ರದ ವಸತಿ ಇಲಾಖೆ ಹಡ್ ನೇರವಾಗಿ ಪಾಲು ಕೊಡುತ್ತದೆ. ಎಷ್ಟು ಅನ್ನುವುದು ಸೂತ್ರದ ಲೆಕ್ಕ. ಒಂದು ಸೂತ್ರದಲ್ಲಿ ಜನಸಂಖ್ಯೆ, ಬಡತನ, ಇಕ್ಕಟ್ಟಿನ ಮನೆಗಳು. ಇನ್ನೊಂದರಲ್ಲಿ ಬಡತನ, 1940ಕ್ಕೆ ಮುಂಚಿನ ಹಳೇ ಮನೆಗಳು, ಊರು ಎಷ್ಟು ನಿಧಾನವಾಗಿ ಬೆಳೆದಿದೆ ಅನ್ನುವುದು. ಎರಡರಲ್ಲಿ ಯಾವುದರಿಂದ ಜಾಸ್ತಿ ಬರುತ್ತದೋ ಅದು. ಇಲ್ಲಿಯವರೆಗೆ ನಮ್ಮ ಕಮಿಟಿಗೆ ಯಾವ ಮಾತೂ ಇಲ್ಲ.

ನಮ್ಮ ಪಾಲಿನ ಕೆಲಸ ಎಷ್ಟು ಚಿಕ್ಕ ದುಡ್ಡಿನದು ಅಂತ ತಿಳಿದದ್ದು ಮೊದಲ ಸಭೆಯಲ್ಲಿ. ಲೆಕ್ಕ ಸುಲಭ ಆಗಲಿ ಅಂತ ಊರಿಗೆ 10 ಲಕ್ಷ ಡಾಲರ್ ಬಂತು ಅಂದುಕೊಳ್ಳಿ. ಅದರಲ್ಲಿ ಸೇವೆಗಳಿಗೆ, ಅಂದರೆ ಊಟ, ವ್ಯಾನ್, ಮಕ್ಕಳ ಪಾಠ, ಕಾನೂನು ಸಲಹೆ, ಆಶ್ರಯ ಮನೆ ಇಂಥದಕ್ಕೆಲ್ಲ, ಹೆಚ್ಚೆಂದರೆ ಶೇಕಡಾ 15. ಒಂದೂವರೆ ಲಕ್ಷ ಆಯಿತು. ಆಡಳಿತಕ್ಕೆ ಮತ್ತು ಯೋಜನೆಗೆ ಶೇಕಡಾ 20ರ ಮಿತಿ. ಉಳಿದದ್ದು ಮನೆ ರಿಪೇರಿ, ಫುಟ್‌ಪಾತ್, ಗಾಲಿಕುರ್ಚಿಗೆ ಇಳಿಜಾರು, ಸಮುದಾಯ ಕೇಂದ್ರದ ಕಟ್ಟಡ ಇಂಥ ಕೆಲಸಗಳಿಗೆ. ಒಟ್ಟು ಖರ್ಚಿನಲ್ಲಿ ಶೇಕಡಾ 70ರಷ್ಟಾದರೂ ಕಡಿಮೆ ಮತ್ತು ಮಧ್ಯಮ ಆದಾಯದವರಿಗೆ ಉಪಯೋಗ ಆಗಲೇಬೇಕು. ಆ ಭಾಗದ ಮಧ್ಯಮಾಂಕ ಆದಾಯದ (ಅರ್ಧ ಮನೆಗಳ ಆದಾಯ ಅದಕ್ಕಿಂತ ಜಾಸ್ತಿ, ಅರ್ಧ ಮನೆಗಳದು ಕಡಿಮೆ) ಶೇಕಡಾ 80ರ ಒಳಗಿರುವವರು ಅಂತ ಅದರ ಅರ್ಥ. ಬಂದ ಪ್ರತಿಯೊಂದು ಸಂಸ್ಥೆಯೂ ಕಣ್ಣಿಟ್ಟಿದ್ದದ್ದು ಆ ಶೇಕಡಾ 15ರ ಮೇಲೆ.

ಮೊದಲ ವರ್ಷ 19 ಅರ್ಜಿ ಬಂದವು. ಎಲ್ಲರೂ ಕೇಳಿದ್ದನ್ನು ಕೂಡಿಸಿದರೆ ಇದ್ದ ದುಡ್ಡಿನ ನಾಲ್ಕರಷ್ಟು. ಎಲ್ಲರೂ ಒಳ್ಳೇ ಕೆಲಸ ಮಾಡುವವರು. ಯಾರಿಗೆ ಇಲ್ಲ ಅನ್ನುವುದು? ಹಾಗಾಗಿ ಎಲ್ಲರಿಗೂ ಸ್ವಲ್ಪ ಸ್ವಲ್ಪ ಕೊಟ್ಟೆವು. ಯಾರ ಮನಸ್ಸನ್ನೂ ನೋಯಿಸಲಿಲ್ಲ ಅಂತ ಸಮಾಧಾನದಿಂದ ಮನೆಗೆ ಬಂದೆ. ಸೆಪ್ಟೆಂಬರ್‌ನಲ್ಲಿ ಒಂದು ಪತ್ರ ಬಂತು. ಶಾಲೆ ಮುಗಿದ ಮೇಲೆ ಮಕ್ಕಳಿಗೆ ಪಾಠ ಹೇಳುವ ಸಣ್ಣ ಸಂಸ್ಥೆ. 24,000 ಡಾಲರ್ ಕೇಳಿದ್ದರು, ನಾವು 6,000 ಕೊಟ್ಟಿದ್ದೆವು. ಅದನ್ನು ವಾಪಸ್ ಮಾಡಿದ್ದರು. ಪ್ರತಿ ಮಗುವಿನ ಮನೆಯ ಆದಾಯದ ಫಾರಂ ತುಂಬಿಸಬೇಕು, ಮೂರು ತಿಂಗಳಿಗೊಮ್ಮೆ ವರದಿ ಕೊಡಬೇಕು, ಸಿಟಿ ಕೇಳುವ ಇನ್ಶೂರೆನ್ಸ್ ಮಾಡಿಸಬೇಕು. ಇಷ್ಟಕ್ಕೇ ಆ ದುಡ್ಡು ಮುಗಿಯುತ್ತಿತ್ತು. ಇನ್ನೊಬ್ಬ ಟೀಚರನ್ನು ಇಟ್ಟುಕೊಳ್ಳಲು ಏನೂ ಉಳಿಯುತ್ತಿರಲಿಲ್ಲ. ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಅಂತಾರಲ್ಲ, ನಾವು ಮಾಡಿದ್ದು ಅದೇ. ಅತ್ತೆಯ ವ್ಯಾನ್ ನಿಂತದ್ದೂ ಹೀಗೇ ಅಂತ ಆಗ ಹೊಳೆಯಿತು. ಡ್ರೈವರ್‌ಗೆ ಪೂರ್ತಿ ಸಂಬಳ ಬೇಕು, ವ್ಯಾನ್‌ಗೆ ಪೂರ್ತಿ ಇನ್ಶೂರೆನ್ಸ್ ಬೇಕು. ಹಿಂದಿನ ಕಮಿಟಿ ಅರ್ಧ ಕೊಟ್ಟಿತ್ತು. ಅರ್ಧ ವ್ಯಾನ್ ಓಡುವುದಿಲ್ಲ.

ಎರಡನೇ ವರ್ಷದಿಂದ ನಾನು ಅರ್ಜಿ ಓದುವ ರೀತಿಯೇ ಬದಲಾಯಿತು. ಮೊದಲು ಕಥೆ ಓದಿ, ಆಮೇಲೆ ಬಜೆಟ್ ನೋಡುತ್ತಿದ್ದೆ. ಈಗ ಬಜೆಟ್ ಪುಟ ಮೊದಲು. ನಮ್ಮ ದುಡ್ಡಿನಲ್ಲಿ ಯಾರ ಸಂಬಳ, ವಾರಕ್ಕೆ ಎಷ್ಟು ಗಂಟೆ? ಆ ಕೆಲಸಕ್ಕೆ ಬೇರೆ ಯಾರು ದುಡ್ಡು ಕೊಡುತ್ತಿದ್ದಾರೆ? ಅವರು ಕೈಬಿಟ್ಟರೆ ಇವರು ಏನು ಮಾಡುತ್ತಾರೆ? ಬಜೆಟ್ಟಿನಲ್ಲಿ ಒಬ್ಬ ಮನುಷ್ಯ, ಒಂದು ಕೆಲಸ ಕಣ್ಣಿಗೆ ಕಟ್ಟಿದರೆ ಅರ್ಜಿ ಗಟ್ಟಿ. ಎಲ್ಲ ಖಾತೆಯಲ್ಲೂ ಚೂರು ಚೂರು ಹಾಕಿದ್ದರೆ ನನಗೆ ಅನುಮಾನ.

ಆಮೇಲೆ ನೋಡುವುದು, ಬರುವ ಜನ ಯಾರು ಅಂತ ಹೇಗೆ ತೋರಿಸುತ್ತಾರೆ ಅನ್ನುವುದು. ಇದು ಸುಮ್ನೆ ಕಾಗದದ ಮಾತಲ್ಲ. ಸಾಮಾನ್ಯವಾಗಿ ಸೇವೆ ಪಡೆಯುವವರಲ್ಲಿ ಶೇಕಡಾ 51 ಜನರಾದರೂ ಆದಾಯದ ಮಿತಿಯ ಒಳಗಿದ್ದಾರೆ ಅಂತ ಫಾರಂ ಇಟ್ಟು ತೋರಿಸಬೇಕು. ಆದರೆ ಕೆಲವರಿಗೆ ಆ ಫಾರಂ ಬೇಡ. ವಯಸ್ಸಾದವರು, ಮನೆಯಿಲ್ಲದವರು, ಗಂಡನಿಂದಲೋ ಹೆಂಡತಿಯಿಂದಲೋ ಹೊಡೆತ ತಿಂದವರು, ತೀವ್ರ ಅಂಗವಿಕಲರಾದ ದೊಡ್ಡವರು, ಓದು ಬರಹ ಬಾರದ ದೊಡ್ಡವರು, ವಲಸೆ ಕೃಷಿ ಕೂಲಿಗಳು, ಇವರೆಲ್ಲ ಬಹುತೇಕ ಕಡಿಮೆ ಆದಾಯದವರೇ ಅಂತ ನಿಯಮವೇ ಒಪ್ಪಿಕೊಂಡಿದೆ. ಹೊಡೆತ ತಿಂದು ರಾತ್ರೋರಾತ್ರಿ ಮಗುವನ್ನು ಎತ್ತಿಕೊಂಡು ಬಂದವಳನ್ನು ಸಂಬಳದ ಚೀಟಿ ಎಲ್ಲಿ ಅಂತ ಕೇಳಬೇಕಾಗಿಲ್ಲ. ಆ ನಿಯಮ ಬರೆದವರ ಬಗ್ಗೆ ನನಗೆ ತುಂಬಾ ಗೌರವ ಇದೆ. ಎಷ್ಟೋ ಸಣ್ಣ ಸಂಸ್ಥೆಗಳಿಗೆ ಇದು ಗೊತ್ತೇ ಇರಲಿಲ್ಲ. ಅರ್ಜಿ ಕರೆಯುವಾಗ ನಡೆಸುವ ತರಬೇತಿಯಲ್ಲಿ ಸಿಟಿ ಸಿಬ್ಬಂದಿ ಇದನ್ನು ಬಿಡಿಸಿ ಹೇಳಲಿ ಅಂತ ಹಠ ಹಿಡಿದೆ.

ಒಂದು ಸಲ ಒಬ್ಬರು, ಸಿಟಿಯೇ ನಡೆಸುತ್ತಿದ್ದ ಒಂದು ತರಗತಿಯ ಖರ್ಚನ್ನು ಈ ಗ್ರಾಂಟಿಗೆ ಹಾಕೋಣ, ಸಿಟಿಯ ದುಡ್ಡು ಉಳಿಯುತ್ತದೆ ಅಂದರು. ಹಾಗೆ ಆಗುವುದಿಲ್ಲ. ಸೇವೆ ಹೊಸದಾಗಿರಬೇಕು, ಇಲ್ಲವೇ ಹಿಂದಿನ 12 ತಿಂಗಳಲ್ಲಿ ಸಿಟಿ ಕೊಡುತ್ತಿದ್ದುದಕ್ಕಿಂತ ಎಣಿಸಿ ತೋರಿಸುವಷ್ಟು ಜಾಸ್ತಿ ಆಗಿರಬೇಕು. ಇನ್ನೊಂದು ಮಾತು. ನಮ್ಮ ಯಜಮಾನರು ಒಂದು ಸಂಸ್ಥೆಯ ಬೋರ್ಡಿನಲ್ಲಿದ್ದರು. ಆ ಅರ್ಜಿಯ ಸರದಿ ಬಂದಾಗ ನಾನು ಎದ್ದು ಹೊರಗೆ ಹೋಗುತ್ತಿದ್ದೆ. ಮಾರ್ಕ್ಸ್ ಕೊಡಲಿಲ್ಲ, ಚರ್ಚೆಯನ್ನೂ ಕೇಳಲಿಲ್ಲ.

ಮೂರನೇ ವರ್ಷ ಕಮಿಟಿಯ ಮುಂದೆ ಎರಡು ಬದಲಾವಣೆ ಇಟ್ಟೆ. ಅರ್ಜಿಯಲ್ಲೇ ಒಂದು ಪ್ರಶ್ನೆ ಇರಲಿ: ಈ ಕೆಲಸ ನಡೆಯಲು ಕನಿಷ್ಠ ಎಷ್ಟು ಬೇಕು, ಅದಕ್ಕಿಂತ ಕಡಿಮೆ ಆದರೆ ಬೇಡ ಅನ್ನುತ್ತೀರಾ? ಮತ್ತೆ, ಯಾರಿಗೇ ಕೊಟ್ಟರೂ 15,000 ಡಾಲರ್‌ಗಿಂತ ಕಡಿಮೆ ಬೇಡ. ಎರಡು ಸಂಜೆ ವಾದ ನಡೆಯಿತು. ಸಣ್ಣ ಸಂಸ್ಥೆಗಳು ಪೂರ್ತಿ ಹೊರಗುಳಿಯುತ್ತವೆ ಅನ್ನುವುದು ಎದುರಿನವರ ಚಿಂತೆ. ಅದು ನಿಜವಾದ ಚಿಂತೆಯೇ. ಕೊನೆಗೆ ನಾಲ್ಕು ಮತಕ್ಕೆ ಮೂರು ಮತ, ಹೊಸ ನಿಯಮ ಬಂತು. ಆ ವರ್ಷ 17 ಅರ್ಜಿಗಳಲ್ಲಿ ಏಳಕ್ಕೆ ಕೊಟ್ಟೆವು. ಹತ್ತಕ್ಕೆ ಇಲ್ಲ ಅಂದೆವು.

ಏಪ್ರಿಲ್‌ನ ಸಾರ್ವಜನಿಕ ವಿಚಾರಣೆಯಲ್ಲಿ ಒಬ್ಬೊಬ್ಬರಿಗೆ ಮೂರು ನಿಮಿಷ. ಇಲ್ಲ ಅನ್ನಿಸಿಕೊಂಡ ಸಂಸ್ಥೆಯ ಒಬ್ಬರು ಹಿರಿಯ ಹೆಂಗಸು ಎದ್ದು ನಿಂತರು. ಬಾಡಿಗೆದಾರರಿಗೆ ಕಾನೂನು ಸಹಾಯ ಕೊಡುವವರು. ಮನೆ ಖಾಲಿ ಮಾಡಿಸಿಕೊಂಡ ಮೇಲೆ ಆಶ್ರಯ ಮನೆಗೆ ದುಡ್ಡು ಕೊಡುತ್ತೀರಿ, ಖಾಲಿ ಮಾಡಿಸದ ಹಾಗೆ ತಡೆಯುವ ನಮಗೆ ಕೊಡುವುದಿಲ್ಲ, ಯಾಕೆ ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರ ಅರ್ಜಿಗೆ ನಾನು ಕಡಿಮೆ ಮಾರ್ಕ್ಸ್ ಕೊಟ್ಟದ್ದು, ಅವರ ಬಜೆಟ್ ಪುಟ ಗೊಂದಲವಾಗಿತ್ತು ಅಂತ. ಕೆಲಸ ಗೊಂದಲವಾಗಿರಲಿಲ್ಲ. ಅಂತಿಮ ತೀರ್ಮಾನ ಸಿಟಿ ಕೌನ್ಸಿಲ್‌ದು. ಅವರು ನಮ್ಮ ಪಟ್ಟಿಯಲ್ಲಿ ಒಂದನ್ನು ಬದಲಾಯಿಸಿ ಈ ಸಂಸ್ಥೆಗೆ ಕೊಟ್ಟರು. ಸರಿಯಾಗಿಯೇ ಮಾಡಿದರು. ಮುಂದಿನ ವರ್ಷದಿಂದ ಮಾರ್ಕ್ಸ್ ಹಾಕುವ ಮುಂಚೆ, ಗೊಂದಲ ಇರುವ ಸಂಸ್ಥೆಗೆ ಒಂದು ಸಲ ಹೋಗಿ ಕೂತು ಮಾತಾಡಿ ಬರುವ ಅಭ್ಯಾಸ ಮಾಡಿಕೊಂಡೆವು.

ಅಮೆರಿಕದ ಕಾಂಗ್ರೆಸ್ ಬಜೆಟ್ ತಡ ಮಾಡಿದರೆ, ವಿಚಾರಣೆ ಮುಗಿದರೂ ಊರಿನ ಪಾಲು ಎಷ್ಟು ಅಂತ ಗೊತ್ತಿರುವುದಿಲ್ಲ. ದುಡ್ಡು ಜಾಸ್ತಿ ಬಂದರೆ ಯಾರಿಗೆ, ಕಡಿಮೆ ಬಂದರೆ ಯಾರಿಂದ ಕಳೆಯಬೇಕು ಅಂತ ಮುಂಚೆಯೇ ಬರೆದಿಟ್ಟುಕೊಳ್ಳಬೇಕು. ಎಲ್ಲರಿಂದಲೂ ಸಮವಾಗಿ ಕಳೆಯುವುದು ಸಾಮಾನ್ಯ ಪದ್ಧತಿ. ನಾವು ಅದನ್ನು ಬಿಟ್ಟು, ಯಾರೂ ತಮ್ಮ ಕನಿಷ್ಠಕ್ಕಿಂತ ಕೆಳಗೆ ಇಳಿಯಬಾರದು ಅಂತ ಬರೆದೆವು.

ಸಣ್ಣ ಸಂಸ್ಥೆ ನಡೆಸುವವರಿಗೆ ಒಂದು ವಿಷಯ ಹೇಳಲೇಬೇಕು. ನಮ್ಮಲ್ಲಿ ದುಡ್ಡು ಮುಂಗಡವಾಗಿ ಬರುವುದಿಲ್ಲ. ನೀವು ಖರ್ಚು ಮಾಡಿ, ಬಿಲ್ಲು ಮತ್ತು ಟೈಮ್‌ಶೀಟ್ ಕೊಟ್ಟ ಮೇಲೆ ಬರುತ್ತದೆ. ಮೂರು ನಾಲ್ಕು ತಿಂಗಳ ಸಂಬಳಕ್ಕೆ ಕೈಯಲ್ಲಿ ದುಡ್ಡು ಇರಲೇಬೇಕು. ಬಿಲ್ಲನ್ನು ವರ್ಷದ ಕೊನೆಗೆ ಒಟ್ಟಿಗೆ ಕೊಡೋಣ ಅಂತ ಇಟ್ಟುಕೊಳ್ಳಬೇಡಿ. ವರ್ಷ ಮುಗಿಯಲು 60 ದಿನ ಇರುವಾಗ, ಸಿಟಿ ತನ್ನ ಒಂದು ವರ್ಷದ ಗ್ರಾಂಟಿನ ಒಂದೂವರೆ ಪಟ್ಟಿಗಿಂತ ಜಾಸ್ತಿ ಖರ್ಚಾಗದೆ ಉಳಿಸಿಕೊಂಡಿದ್ದರೆ ಹಡ್ ಪ್ರಶ್ನೆ ಮಾಡುತ್ತದೆ.

ಸೀನಿಯರ್ ಸೆಂಟರ್‌ನವರು ಮೂರನೇ ವರ್ಷ ವ್ಯಾನ್ ಒಂದಕ್ಕೇ ಅರ್ಜಿ ಹಾಕಿದ್ದರು. ಒಬ್ಬ ಡ್ರೈವರ್, ಒಂದು ವರ್ಷ, ಇನ್ಶೂರೆನ್ಸ್, ಪೆಟ್ರೋಲ್. ಕನಿಷ್ಠ ಮೊತ್ತ ಸ್ಪಷ್ಟವಾಗಿ ಬರೆದಿದ್ದರು. ಅಷ್ಟೂ ಕೊಟ್ಟೆವು. ಅಷ್ಟರಲ್ಲಿ ಅತ್ತೆ ಶಿವಮೊಗ್ಗಕ್ಕೆ ವಾಪಸ್ ಹೋಗಿದ್ದರು. ಮಾರ್ಚ್‌ನಲ್ಲಿ ಸಿಟಿ ಸಿಬ್ಬಂದಿಯ ಜೊತೆ ಪರಿಶೀಲನೆಗೆ ಹೋದಾಗ ಡ್ರೈವರ್ ತನ್ನ ರಿಜಿಸ್ಟರ್ ತೆಗೆದು ತೋರಿಸಿದ. ಆ ದಿನದ ಪುಟದಲ್ಲಿ 23 ಹೆಸರು. ಪ್ರತಿ ಹೆಸರಿನ ಮುಂದೆ ಹತ್ತಿದ ಸಮಯ, ಇಳಿದ ಸಮಯ.