ಕಟ್ಟಡ ತಂತ್ರಜ್ಞಾನ ಕೋರ್ಸ್: ಸರ್ಕಾರಿ ಕಾಲೇಜಿನಲ್ಲಿ ಓದಿ ಕೈ ಪಳಗಿಸಿಕೊಳ್ಳುವುದು ಹೇಗೆ?

ಬೀಮಿಗೆ ಎಷ್ಟು ಕಂಬಿ ಬೇಕು ಎಂದು ಲೆಕ್ಕ ಹಾಕುವವರು ಒಬ್ಬರು. ಆ ಕಂಬಿ ನಕ್ಷೆಯಲ್ಲಿ ಇದ್ದ ಹಾಗೇ ಕೂತಿದೆಯಾ, ಕಾಂಕ್ರೀಟ್ ಹದವಾಗಿದೆಯಾ, ಕೆಲಸ ಹೊತ್ತಿಗೆ ಮುಗಿಯುತ್ತದಾ ಎಂದು ನೋಡಿಕೊಳ್ಳುವವರು ಇನ್ನೊಬ್ಬರು. ಕನ್‌ಸ್ಟ್ರಕ್ಷನ್ ಎಂಜಿನಿಯರಿಂಗ್ ಟೆಕ್ನಾಲಜಿ ಓದುವವರು ಎರಡನೆಯವರು. ನಾನೂ ಸರ್ಕಾರಿ ಕಾಲೇಜಿನಲ್ಲೇ ಓದಿದವನು. ಅಲ್ಲಿ ಫೀಸು ಕಡಿಮೆ ಎನ್ನುವುದು ಎಲ್ಲರಿಗೂ ಗೊತ್ತು. ಆದರೆ ಅಲ್ಲಿನ ನಿಜವಾದ ಆಸ್ತಿ ಲ್ಯಾಬ್ ಮತ್ತು ಸರ್ವೆ ಸಾಮಾನು. ಅದನ್ನು ಪೂರ್ತಿ ಬಳಸಿಕೊಂಡವರಿಗೆ ಮಾತ್ರ ಈ ಓದು ದಕ್ಕುತ್ತದೆ.

1. ಸೇರುವ ಮುಂಚೆ ಕೇಳಿ

ಕೋರ್ಸಿನ ಹೆಸರು ನೋಡಿ ಸೇರಬೇಡಿ, ಮಟ್ಟ ಕೇಳಿ. ಬೇರೆ ಬೇರೆ ದೇಶಗಳು ಒಬ್ಬರ ಓದನ್ನು ಇನ್ನೊಬ್ಬರು ಒಪ್ಪಿಕೊಳ್ಳಲು ಮಾಡಿಕೊಂಡ ಒಪ್ಪಂದಗಳಿವೆ. ಎಂಜಿನಿಯರಿಂಗ್ ಪದವಿಗೆ 1989ರ ವಾಷಿಂಗ್ಟನ್ ಒಪ್ಪಂದ, ಟೆಕ್ನಾಲಜಿ ಪದವಿಗೆ 2001ರ ಸಿಡ್ನಿ ಒಪ್ಪಂದ, ಟೆಕ್ನಿಷಿಯನ್ ಮಟ್ಟಕ್ಕೆ 2002ರ ಡಬ್ಲಿನ್ ಒಪ್ಪಂದ. ನಿಮ್ಮ ಕೋರ್ಸು ಯಾವ ಮಟ್ಟದ್ದು, ಮಾನ್ಯತೆ ಇದೆಯಾ, ಮುಂದೆ ಪದವಿಗೆ ಹೋದರೆ ಎಷ್ಟು ಕ್ರೆಡಿಟ್ ಉಳಿಯುತ್ತದೆ, ಸೈಟ್ ತರಬೇತಿ ಕಡ್ಡಾಯವಾ ಎಂದು ಕಚೇರಿಯಲ್ಲಿ ಬಾಯಿಬಿಟ್ಟು ಕೇಳಿ. ಸಾಧ್ಯವಾದರೆ ಲ್ಯಾಬ್ ಒಳಗೆ ಒಮ್ಮೆ ಹೋಗಿ ಬನ್ನಿ.

2. ಗಣಿತದ ತುಕ್ಕು ಬಿಡಿಸಿ

ಭಾರೀ ಗಣಿತ ಬೇಡ. ತ್ರಿಕೋನಮಿತಿ, ವಿಸ್ತೀರ್ಣ, ಘನ ಅಳತೆ, ಮಿಲಿಮೀಟರಿನಿಂದ ಮೀಟರಿಗೆ ಹೋಗುವುದು, ಇಷ್ಟು ಸಲೀಸಾಗಿ ಬಂದರೆ ಸಾಕು. ಪಾಯದ ಮೂಲೆಗೆ ಮಟ್ಟಸ ಹಿಡಿಯುವ 3-4-5 ಲೆಕ್ಕ ನೀವು ಶಾಲೆಯಲ್ಲಿ ಕಲಿತ ಪೈಥಾಗೊರಸ್ ಪ್ರಮೇಯವೇ. ಒಂದು ಬದಿಗೆ 3 ಮೀಟರ್, ಇನ್ನೊಂದಕ್ಕೆ 4 ಮೀಟರ್ ಗುರುತು ಮಾಡಿ. ಆ ಎರಡು ಗುರುತಿನ ನಡುವೆ ಸರಿಯಾಗಿ 5 ಮೀಟರ್ ಬಂದರೆ ಮೂಲೆ 90 ಡಿಗ್ರಿ.

3. ಸರ್ವೆ ದಿನ ಹಿಂದೆ ನಿಲ್ಲಬೇಡಿ

ಸರ್ಕಾರಿ ಕಾಲೇಜಿನಲ್ಲಿ ಒಂದು ಉಪಕರಣಕ್ಕೆ ಆರೆಂಟು ಜನ ಇರುವುದು ಮಾಮೂಲಿ. ಚುರುಕಾದವರು ಇಬ್ಬರು ಕೆಲಸ ಮಾಡುತ್ತಾರೆ, ಉಳಿದವರು ಸುಮ್ನೆ ರೀಡಿಂಗ್ ಬರೆದುಕೊಳ್ಳುತ್ತಾರೆ. ಇದರಿಂದ ಆಗುವ ನಷ್ಟ ದೊಡ್ಡದು. ಗುಂಪಿನಲ್ಲಿ ಮೊದಲೇ ಮಾತಾಡಿಕೊಂಡು ಪಾಳಿ ಮಾಡಿ. ಒಬ್ಬರು ಲೆವೆಲ್ (ನೆಲದ ಎತ್ತರ-ತಗ್ಗು ಅಳೆಯುವ ದುರ್ಬೀನು) ನೋಡಲಿ, ಒಬ್ಬರು ಸ್ಟಾಫ್ (ಅಳತೆ ಗುರುತುಗಳಿರುವ ಉದ್ದನೆಯ ಪಟ್ಟಿ) ಹಿಡಿಯಲಿ, ಒಬ್ಬರು ಬರೆಯಲಿ. ಉಪಕರಣ ಇಡುವ ಪ್ರತಿ ಜಾಗಕ್ಕೂ ಕೆಲಸ ಅದಲು ಬದಲಾಗಲಿ.

ಒಮ್ಮೆ ನಾನು ಸ್ಟಾಫಿನ ಮೇಲೆ 1.350 ಇದ್ದದ್ದನ್ನು 2.350 ಎಂದು ಓದಿಬಿಟ್ಟೆ. ಸಂಜೆ ಲೆಕ್ಕ ತಾಳೆ ನೋಡಿದೆವು. ಬ್ಯಾಕ್ ಸೈಟ್ (ಉಪಕರಣ ಇಟ್ಟ ಪ್ರತಿ ಜಾಗದಲ್ಲಿ ಮೊದಲು ಓದುವ ರೀಡಿಂಗ್) ಮೊತ್ತದಿಂದ ಫೋರ್ ಸೈಟ್ (ಅಲ್ಲಿ ಕೊನೆಗೆ ಓದುವ ರೀಡಿಂಗ್) ಮೊತ್ತ ಕಳೆದರೆ ಮೊದಲ ಮತ್ತು ಕೊನೆಯ ಮಟ್ಟದ ವ್ಯತ್ಯಾಸ ಬರಬೇಕು. ಬಂತು! ಎಲ್ಲ ಸರಿ ಎಂದುಕೊಂಡೆವು. ಆದರೆ ಸುತ್ತು ಹಾಕಿ ಹೊರಟ ಬೆಂಚ್ ಮಾರ್ಕಿಗೇ (ಎತ್ತರ ಗೊತ್ತಿರುವ ಗುರುತು) ವಾಪಸ್ ಬಂದಿದ್ದೆವಲ್ಲ, ಅಲ್ಲಿ ಪೂರ್ತಿ ಒಂದು ಮೀಟರ್ ವ್ಯತ್ಯಾಸ. ಆ ತಾಳೆ ಕೂಡು-ಕಳೆಯುವಿಕೆಯ ತಪ್ಪನ್ನು ಮಾತ್ರ ಹಿಡಿಯುತ್ತದೆ, ಕಣ್ಣಿನ ತಪ್ಪನ್ನು ಹಿಡಿಯುವುದಿಲ್ಲ. ಅದಕ್ಕೇ ಹೊರಟ ಜಾಗಕ್ಕೆ ಮರಳಿ ಬಂದು ಸರ್ವೆ ಮುಗಿಸಲೇಬೇಕು. ಮಾರನೇ ದಿನ ಇಡೀ ಸುತ್ತು ಮತ್ತೆ ಹಾಕಿದೆವು.

4. ಕಾಂಕ್ರೀಟ್ ಲ್ಯಾಬಿನಲ್ಲಿ ಕೈ ಕೊಳೆ ಮಾಡಿಕೊಳ್ಳಿ

ಸ್ಲಂಪ್ ಟೆಸ್ಟ್, ಅಂದರೆ ಹಸಿ ಕಾಂಕ್ರೀಟಿನ ಹದ ನೋಡುವ ಪರೀಕ್ಷೆ, ಓದಿ ಬರುವಂಥದ್ದಲ್ಲ. ಕೋನ್ 300 ಮಿಲಿಮೀಟರ್ ಎತ್ತರ, ಬುಡದಲ್ಲಿ 200, ಬಾಯಲ್ಲಿ 100. ಒಳಗೋಡೆ ಒದ್ದೆ ಮಾಡಿ, ಸಮತಟ್ಟಾದ ತಟ್ಟೆಯ ಮೇಲಿಟ್ಟು, ಎರಡೂ ಕಾಲಿನಿಂದ ಅದುಮಿ ನಿಲ್ಲಿ. ನಿಮ್ಮ ಕಡೆಯ ಕೋಡ್ (ಕಟ್ಟಡ ಕೆಲಸದ ನಿಯಮ ಪುಸ್ತಕ) ಹೇಳಿದಷ್ಟು ಪದರ ತುಂಬಿ, ಪ್ರತಿ ಪದರಕ್ಕೂ 25 ಸಲ ರಾಡಿನಿಂದ ಕುಟ್ಟಿ. ಮೇಲ್ಮಟ್ಟ ಸವರಿ, ಕೋನನ್ನು ಅಲುಗಾಡಿಸದೆ ನೇರ ಮೇಲಕ್ಕೆ ಎತ್ತಿ. ಕಾಂಕ್ರೀಟ್ ಮೆಲ್ಲಗೆ ಕುಸಿಯುತ್ತದೆ. ಎಷ್ಟು ಕುಸಿಯಿತೋ ಅದೇ ಸ್ಲಂಪ್. ಒಂದು ಪಕ್ಕ ಜಾರಿ ಬಿದ್ದರೆ ಆ ಅಳತೆ ಲೆಕ್ಕಕ್ಕಿಲ್ಲ, ಇನ್ನೊಮ್ಮೆ ಮಾಡಿ.

ಈಗ ಅದೇ ಮಿಶ್ರಣಕ್ಕೆ ಸ್ವಲ್ಪ ನೀರು ಜಾಸ್ತಿ ಹಾಕಿ ಇನ್ನೊಂದು ಸ್ಲಂಪ್ ನೋಡಿ, ಎರಡರಿಂದಲೂ ಕ್ಯೂಬ್ ತುಂಬಿಸಿಡಿ. ಕ್ಯೂಬಿನ ಬದಿ 150 ಮಿಲಿಮೀಟರ್. 28 ದಿನ ನೀರಿನಲ್ಲಿಟ್ಟು ಒಡೆಯಿರಿ. 20 ಮೆಗಾಪಾಸ್ಕಲ್ (ಚದರ ಮಿಲಿಮೀಟರಿಗೆ 20 ನ್ಯೂಟನ್) ಒತ್ತಡ ತಡೆಯುವ ಕ್ಯೂಬ್ ಒಡೆಯಲು 450 ಕಿಲೋನ್ಯೂಟನ್ ಬೇಕು. ಅಂದರೆ ಸುಮಾರು 46 ಟನ್ ಭಾರ! ನೀರು ಹೆಚ್ಚಿದ ಕ್ಯೂಬ್ ಅದಕ್ಕಿಂತ ಎಷ್ಟು ಮುಂಚೆಯೇ ಬಿರಿಯುತ್ತದೆ ಎಂದು ಕಣ್ಣಾರೆ ನೋಡಿ. ನೀರು-ಸಿಮೆಂಟಿನ ಈ ಸಂಬಂಧವನ್ನು ಅಮೆರಿಕದ ಸಂಶೋಧಕ ಡಫ್ ಅಬ್ರಾಮ್ಸ್ 1918ರಲ್ಲೇ ತೋರಿಸಿಕೊಟ್ಟಿದ್ದರು. ಆದರೂ ಸುರಿಯಲು ಸುಲಭ ಅಂತ ಸೈಟಿನಲ್ಲಿ ಕಾಂಕ್ರೀಟಿಗೆ ಪೈಪಿನಿಂದ ನೀರು ಬಿಡುವವರು ಇವತ್ತಿಗೂ ಇದ್ದಾರೆ. ಅವರನ್ನು ತಡೆಯಬೇಕಾದವರು ನೀವೇ ಅಲ್ವಾ?

5. ಸೂತ್ರದ ಹಿಂದಿನ ಲೆಕ್ಕ ತಿಳಿಯಿರಿ

ಕಂಬಿಯ ತೂಕಕ್ಕೆ ಎಲ್ಲರೂ ವ್ಯಾಸದ ವರ್ಗವನ್ನು 162ರಿಂದ ಭಾಗಿಸುತ್ತಾರೆ. 16 ಮಿಲಿಮೀಟರ್ ಕಂಬಿಗೆ ಮೀಟರಿಗೆ 1.58 ಕಿಲೋ. ಆ 162 ಎಲ್ಲಿಂದ ಬಂತು? ಉಕ್ಕಿನ ಸಾಂದ್ರತೆ ಘನ ಮೀಟರಿಗೆ 7850 ಕಿಲೋ. ಅದನ್ನು ವೃತ್ತದ ವಿಸ್ತೀರ್ಣದಿಂದ ಗುಣಿಸಿ ನೋಡಿ, ನಿಮಗೇ ಸಿಗುತ್ತದೆ. ಒಮ್ಮೆ ಕೈಯಾರೆ ಮಾಡಿದರೆ ಸೂತ್ರ ಮರೆತರೂ ಹೆದರಿಕೆ ಇಲ್ಲ. ಕಂಪ್ಯೂಟರ್ ಡ್ರಾಯಿಂಗ್ ಮತ್ತು ಕೆಲಸದ ವೇಳಾಪಟ್ಟಿ ಕಲಿಸುವ ಪಾಠಗಳನ್ನೂ ಬಿಡಬೇಡಿ. ಅವು ಅಭ್ಯಾಸದಿಂದ ತಾನಾಗೇ ಬರುತ್ತವೆ.

6. ಸೈಟ್ ತರಬೇತಿಗೆ ಹೋದಾಗ

ಹೆಲ್ಮೆಟ್, ಗಟ್ಟಿ ಬೂಟು, ಟೇಪು, ಜೇಬಿಗೆ ಹಿಡಿಯುವ ಪುಸ್ತಕ ಇರಲಿ. ಕಂಬಿ ಕಟ್ಟುವವರು, ಸೆಂಟ್ರಿಂಗ್‌ನವರು, ಮೇಸ್ತ್ರಿಗಳು, ಇವರ ಜೊತೆ ಮರ್ಯಾದೆಯಿಂದ ಮಾತಾಡಿ, ಗೊತ್ತಿಲ್ಲದ್ದನ್ನು ಕೇಳಿ. ಅವರು ಹೇಳಿಕೊಡುವುದು ಯಾವ ತರಗತಿಯಲ್ಲೂ ಸಿಗದು. ಸ್ಲ್ಯಾಬ್ ಹಾಕುವ ದಿನ ಬೇಗ ಹೋಗಿ. ಕಾಂಕ್ರೀಟ್ ಬರುವ ಮುಂಚೆ ಬಗ್ಗಿ ಕಂಬಿಯ ಕೆಳಗೆ ಬೆರಳು ತೂರಿಸಿ, ಕವರ್ ಬ್ಲಾಕ್ (ಕಂಬಿಯನ್ನು ತಳದಿಂದ ಎತ್ತಿ ಹಿಡಿಯುವ ಸಣ್ಣ ತುಂಡು) ಇದೆಯಾ ನೋಡಿ. ಇಲ್ಲದಿದ್ದರೆ ಮೇಸ್ತ್ರಿಯವರಿಗೆ ಆಗಲೇ ಹೇಳಿ. ಹತ್ತು ನಿಮಿಷದ ಕೆಲಸ, ಅವರೇ ಕಂಬಿ ಎತ್ತಿ ಬ್ಲಾಕ್ ಇಡಿಸುತ್ತಾರೆ.