ಜೇನುಹುಳುವನ್ನು ನೋಯಿಸದೆ ಎಳೆಯುವ ವ್ಯಾಕ್ಯೂಮ್: ನಾನು ಮಾಡಿಕೊಂಡ ರೀತಿ

ಮೊದಲ ಸಲ ಬಕೆಟ್ ಮುಚ್ಚಳ ತೆಗೆದಾಗ ಏನು ಕಂಡೆ ಅನ್ನೋದನ್ನು ಮೊದಲೇ ಹೇಳಿಬಿಡುತ್ತೇನೆ. ತಳದಲ್ಲಿ ಒಂದು ಬೆರಳು ದಪ್ಪ ಸತ್ತ ಹುಳುಗಳು. ಒದ್ದೆಯಾಗಿ, ಒಂದಕ್ಕೊಂದು ಅಂಟಿ ಮುದ್ದೆಯಾಗಿದ್ದವು. ಒಂದು ಹಿಡಿ ಅಂಗೈಗೆ ಹಾಕಿಕೊಂಡೆ. ಅದರಲ್ಲಿ ಒಂದು ಇನ್ನೂ ಹಿಂಗಾಲು ಆಡಿಸುತ್ತಿತ್ತು. ರೆಕ್ಕೆ ಎರಡೂ ಬೆನ್ನಿಗೆ ಅಂಟಿಹೋಗಿದ್ದವು. ಬೆಂಗಳೂರಿನ ವಿಜಯನಗರದ ನೆಂಟರ ಮನೆಯ ಜೇನಿಗೆ ಔಷಧಿ ಹೊಡೆಯುವವರು ಬರುವ ಮೊದಲು ಇವನ್ನು ಉಳಿಸಬೇಕು ಅಂತಲೇ ಓಡಿದ್ದೆ. ಔಷಧಿ ಹೊಡೆದಿದ್ದರೂ ಇದೇ ಆಗುತ್ತಿತ್ತು. ಅವತ್ತು ರಾತ್ರಿ ಊಟ ಸೇರಲಿಲ್ಲ.

ತಪ್ಪು ಪೂರ್ತಿ ನನ್ನದು. 20 ಲೀಟರ್ ಪೇಂಟ್ ಬಕೆಟ್, ಮನೆಯ ವ್ಯಾಕ್ಯೂಮ್ ಕ್ಲೀನರ್, ಅದರದ್ದೇ ಸುಕ್ಕು ಸುಕ್ಕು ಪೈಪು, ಮೋಟರ್ ಕಡೆಗೆ ಹುಳು ಹೋಗದಿರಲಿ ಅಂತ ಅಂಗೈಯಗಲದ ಜಾಲರಿ. ಇಷ್ಟೇ ನನ್ನ ಯಂತ್ರ. ಗಾಳಿ ಎಷ್ಟು ಜೋರಾಗಿ ಎಳೆದರೆ ಅಷ್ಟು ಬೇಗ ಕೆಲಸ ಮುಗಿಯುತ್ತದೆ ಅಂದುಕೊಂಡಿದ್ದೆ. ಆಗಬೇಕಾಗಿದ್ದು ಅದರ ಉಲ್ಟಾ. ಜೇನಿನ ವ್ಯಾಕ್ಯೂಮಿನಲ್ಲಿ ಇಡೀ ಶ್ರಮ ಇರುವುದು ಗಾಳಿಯ ಜೋರನ್ನು ಕಮ್ಮಿ ಮಾಡುವುದರಲ್ಲಿ.

ನಮ್ಮೂರು ಸುಳ್ಯದ ಕಡೆ. ಮನೆ ಹಿಂದೆ ತುಡುವೆ ಜೇನಿನ, ಅಂದರೆ ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಜೇನಿನ, ಪೆಟ್ಟಿಗೆಗಳು ಇರುತ್ತಿದ್ದವು. 1990ರ ದಶಕದ ಮೊದಲಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ, ಜೇನುಮರಿಗಳನ್ನು ಕೊಲ್ಲುವ ವೈರಸ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ಗುಡಿಸಿ ಹಾಕಿತು. ಖಾಲಿ ಪೆಟ್ಟಿಗೆಗಳಲ್ಲಿ ಆಮೇಲೆ ಕೋಳಿ ಮೊಟ್ಟೆ ಇಡುತ್ತಿತ್ತು. ಅದನ್ನು ನೋಡಿದವನಿಗೆ ಬೆಂಗಳೂರಿನ ಗೋಡೆ ಪೊಟರೆಯಲ್ಲಿ ಗಟ್ಟಿಯಾಗಿ ಬದುಕಿರುವ ಒಂದು ತುಡುವೆ ಕುಟುಂಬ ಸುಮ್ನೆ ಕಾಣುವುದಿಲ್ಲ.

ಎರಡನೇ ಯಂತ್ರಕ್ಕೆ ಮೂರು ವಾರ ಹಿಡಿಯಿತು. ಬಕೆಟ್ ಬಿಟ್ಟೆ. ಹಳೇ ಪ್ಲೈವುಡ್ಡಿನಲ್ಲಿ ಒಂದು ಡಬ್ಬಿ ಮಾಡಿಸಿದೆ. ಅದರ ಉದ್ದಗಲ ನನ್ನ ಜೇನು ಪೆಟ್ಟಿಗೆಯ ಉದ್ದಗಲವೇ. ತಳಕ್ಕೆ ಹಲಗೆ ಇಲ್ಲ, ಎಳೆದು ತೆಗೆಯುವ ತಗಡು. ಯಾಕೆ ಅಂತ ಮುಂದೆ ಹೇಳುತ್ತೇನೆ. ಡಬ್ಬಿಯ ಮೇಲ್ಭಾಗ ಪೂರ್ತಿ ಸ್ಟೀಲ್ ಸೊಳ್ಳೆ ಜಾಲರಿ. ಜಾಲರಿಗೂ ಮುಚ್ಚಳಕ್ಕೂ ನಡುವೆ ಎರಡು ಇಂಚು ಜಾಗ. ಮೋಟರಿನ ಪೈಪು ಸೇರುವುದು ಈ ಮುಚ್ಚಳಕ್ಕೆ. ಅದೇ ಗಾಳಿ ಚಿಕ್ಕ ಜಾಲರಿಯಲ್ಲಿ ನುಗ್ಗಿದರೆ ಹುಳುವನ್ನು ಅದಕ್ಕೆ ಒತ್ತಿ ಹಿಡಿಯುತ್ತದೆ. ಅಗಲವಾದ ಜಾಲರಿಯಲ್ಲಿ ಹರಡಿ ಹೋದರೆ ವೇಗವೇ ಉಳಿಯುವುದಿಲ್ಲ, ಹುಳು ಜಾಲರಿ ಮೇಲೆ ಆರಾಮಾಗಿ ಓಡಾಡುತ್ತದೆ.

ಮುಚ್ಚಳದಲ್ಲಿ ಇನ್ನೊಂದು ಎರಡಿಂಚಿನ ತೂತು ಕೊರೆದೆ. ಒಂದೇ ಸ್ಕ್ರೂ ಮೇಲೆ ತಿರುಗುವ ಪ್ಲಾಸ್ಟಿಕ್ ಬಿಲ್ಲೆ ಅದಕ್ಕೆ ಬಾಗಿಲು. ತೂತು ಪೂರ್ತಿ ತೆರೆದಿದ್ದರೆ ಮೋಟರ್ ಹೊರಗಿನ ಗಾಳಿಯನ್ನೇ ಕುಡಿಯುತ್ತದೆ, ಹುಳು ಬರುವ ಪೈಪಿನಲ್ಲಿ ಎಳೆತ ಇರುವುದಿಲ್ಲ. ಬಿಲ್ಲೆ ಸ್ವಲ್ಪ ಸ್ವಲ್ಪ ಮುಚ್ಚಿದ ಹಾಗೆ ಎಳೆತ ಏರುತ್ತದೆ. ಇದರ ಬದಲು ಫ್ಯಾನ್ ರೆಗ್ಯುಲೇಟರ್ ಹಾಕಿದರೆ ಆಗಲ್ವಾ ಅಂತ ತುಂಬಾ ಜನ ಕೇಳಿದ್ದಾರೆ. ದಯವಿಟ್ಟು ಬೇಡ. ಅದು ಫ್ಯಾನಿಗೆ ಮಾಡಿದ್ದು. ಸಾವಿರ ವ್ಯಾಟಿನ ಮೋಟರಿಗೆ ತಡೆಯುವುದಿಲ್ಲ, ಸುಟ್ಟುಹೋಗುತ್ತದೆ.

ಪೈಪಿನ ವಿಷಯಕ್ಕೆ ಬಂದರೆ, ಕ್ಲೀನರಿನ ಸುಕ್ಕು ಪೈಪು ಜೇನಿಗೆ ನರಕ. ಒಂದೊಂದು ಸುಕ್ಕಿಗೂ ಬಡಿಸಿಕೊಂಡು ಬರುತ್ತದೆ, ಕಾಲು ರೆಕ್ಕೆ ಮುರಿಯುತ್ತದೆ. ಎಸ್‌ಜೆಪಿ ರಸ್ತೆಯಲ್ಲಿ ರೈತರು ಪಂಪ್‌ಸೆಟ್ಟಿಗೆ ಒಯ್ಯುವ ಹಸಿರು ಸಕ್ಷನ್ ಪೈಪ್ ಸಿಕ್ಕಿತು, ಒಂದೂವರೆ ಇಂಚಿನದು. ಹೊರಗೆ ಸುರುಳಿ ಇದ್ದರೂ ಒಳಗೆ ಕೈಯಾಡಿಸಿದರೆ ನುಣುಪು. ಆರಡಿ ಮಾತ್ರ ತಗೊಂಡೆ. ಪೈಪು ಉದ್ದವಾದಷ್ಟೂ ಹುಳು ಜಾಸ್ತಿ ಉಜ್ಜಿಸಿಕೊಳ್ಳುತ್ತದೆ. ಪೈಪು ಡಬ್ಬಿಗೆ ಸೇರುವ ಕಡೆ, ಅದರ ಎದುರಿನ ಗೋಡೆಗೆ ಎರಡಿಂಚಿನ ಸ್ಪಂಜು ಇಟ್ಟು, ಅದರ ಮೇಲೆ ಅಪ್ಪನ ಹಳೇ ಪಂಚೆಯ ತುಂಡು ಹೊದಿಸಿದೆ. ಬಂದು ಬೀಳುವ ಜಾಗ ಮೆತ್ತಗಿರಬೇಕು.

ಎಷ್ಟು ಎಳೆತ ಸಾಕು? ಇದಕ್ಕೆ ನನ್ನ ಅಳತೆ ಕಡ್ಲೆಪುರಿ. ಒಂದು ತಟ್ಟೆಯಲ್ಲಿ ಪುರಿ ಹರಡಿ ಪೈಪಿನ ಬಾಯಿ ಹಿಡಿದೆ. ಬಿಲ್ಲೆ ಮುಚ್ಚಿದ್ದಾಗ ಪುರಿ ದೂರದಿಂದಲೇ ಹಾರಿ ಹೋಗಿ ಸ್ಪಂಜಿಗೆ ಪಟಪಟ ಬಡಿಯಿತು. ಸ್ಪಂಜಿನ ಕೆಳಗೆ ನೋಡಿದರೆ ಪುರಿಯ ಚೂರುಗಳು. ಬಿಲ್ಲೆ ತೆರೆಯುತ್ತಾ ಹೋದೆ. ಬಾಯಿ ಒಂದಿಂಚು ಹತ್ತಿರ ಬಂದಾಗ ಮಾತ್ರ ಪುರಿ ಏಳಬೇಕು, ಒಳಗೆ ಇಡಿಯಾಗಿ ಬೀಳಬೇಕು. ಆ ಜಾಗಕ್ಕೆ ಬಿಲ್ಲೆಯ ಮೇಲೆ ಮಾರ್ಕರಿನಲ್ಲಿ ಗೆರೆ ಹಾಕಿದೆ. ಜೇನುಹುಳು ಪುರಿಗಿಂತ ಭಾರ, ಕಾಲಿನಿಂದ ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ. ಅದಕ್ಕೇ ಜೇನು ಇರುವ ಜಾಗಕ್ಕೆ ಹೋದ ಮೇಲೆ ಗೆರೆಯಿಂದ ಶುರು ಮಾಡಿ ಕೂದಲೆಳೆಯಷ್ಟು ಮುಚ್ಚುತ್ತೇನೆ. ಕೂತ ಹುಳುವನ್ನು ಕಿತ್ತು ಎಳೆಯಬಾರದು. ಮೆತ್ತನೆ ಬ್ರಷ್ಷಿನಿಂದ ಕದಲಿಸಿದರೆ ತಾನೇ ಕಾಲು ಬಿಡುತ್ತದೆ, ಆಗ ಗಾಳಿ ಎತ್ತಿಕೊಳ್ಳುತ್ತದೆ.

ಇದರ ಮೊದಲ ಪರೀಕ್ಷೆ ತ್ಯಾಗರಾಜನಗರದ ಒಂದು ಹಳೇ ಮನೆಯಲ್ಲಿ. ಹಿತ್ತಲಿನ ಕಲ್ಲುಚಪ್ಪಡಿ ಮೆಟ್ಟಿಲ ಕೆಳಗೆ ತುಡುವೆ ಕೂತಿತ್ತು. ಮನೆಯ ಅಜ್ಜಿಗೆ ಓಡಿಸಲು ಮನಸ್ಸಿಲ್ಲ. "ಜೇನು ತಾನಾಗೇ ಬಂದು ಕೂತರೆ ಒಳ್ಳೇದು ಕಣಪ್ಪ. ಆದ್ರೆ ಮೊಮ್ಮಗು ಈಗ ಅಂಬೆಗಾಲು ಇಡ್ತಾ ಇದೆ. ಒಂದನ್ನೂ ಸಾಯಿಸಬೇಡ," ಅಂದರು. ಎದೆ ಡವಡವ ಅಂತಿತ್ತು.

ಸಂಜೆ ನಾಲ್ಕಕ್ಕೆ ಶುರು ಮಾಡಿದೆ. ವ್ಯಾಕ್ಯೂಮನ್ನು ಮುಟ್ಟಲೇ ಇಲ್ಲ. ಮೊದಲು ಸ್ವಲ್ಪ ಹೊಗೆ. ಆಮೇಲೆ ಜೇನುತುಪ್ಪ ಇರುವ ಎರಿಗಳನ್ನು, ಅಂದರೆ ಮೇಣದ ಹಲ್ಲೆಗಳನ್ನು, ಒಡೆಯದೆ ಬಿಡಿಸಿ, ಮುಚ್ಚಳದ ಪಾತ್ರೆಗೆ ಹಾಕಿ ದೂರ ಇಟ್ಟೆ. ವಿಜಯನಗರದಲ್ಲಿ ಹುಳುಗಳನ್ನು ಕೊಂದದ್ದು ಬರೀ ಗಾಳಿಯಲ್ಲ. ಒಡೆದ ಎರಿಯ ಜೇನುತುಪ್ಪವೂ ಪೈಪಿನಲ್ಲಿ ಹೋಗಿ ಅವುಗಳ ಮೈಗೆ ಮೆತ್ತಿಕೊಂಡಿತ್ತು. ಮರಿಗಳಿರುವ ಎರಿಗಳನ್ನು ಪೆಟ್ಟಿಗೆಯ ಚೌಕಟ್ಟಿಗೆ ಬಾಳೆ ನಾರಿನಿಂದ ಕಟ್ಟಿದೆ, ಮೇಲಿದ್ದ ತುದಿ ಮೇಲೇ ಇರುವ ಹಾಗೆ. ಮೂರನೇ ಎರಿಯ ಹಿಂದೆ ರಾಣಿ ಕಂಡಳು, ಕಪ್ಪಗೆ, ಉದ್ದಕ್ಕೆ. ಅವಳನ್ನು ಕೈಯಿಂದಲೇ ರಾಣಿ ಪಂಜರಕ್ಕೆ ಬಿಟ್ಟೆ. ರಾಣಿಯನ್ನು ಪೈಪಿಗೆ ಯಾವತ್ತೂ ಕೊಡಬಾರದು.

ಚಪ್ಪಡಿ ಸಂದಿಗೆ ಓಡಿ ಗೊಂಚಲಾದವುಗಳಿಗೆ ಮಾತ್ರ ವ್ಯಾಕ್ಯೂಮ್. ತುಡುವೆಗೆ ಗಾಬರಿ ಜಾಸ್ತಿ, ಕೈ ಹಾಕಿದರೆ ಇನ್ನೂ ಒಳಗೆ ಓಡುತ್ತದೆ. ಬ್ರಷ್ ಆಡಿಸುತ್ತಾ ನಿಧಾನಕ್ಕೆ ಎಳೆದೆ. ಪೈಪು ಹಿಡಿದ ಅಂಗೈಗೆ ಒಂದೊಂದು ಹುಳು ಹೋಗುವುದೂ ತಿಳಿಯುತ್ತಿತ್ತು, ಮಳೆಯ ಮೊದಲ ಹನಿಗಳ ಹಾಗೆ. ಮೇವಿಗೆ ಹೋದವು ವಾಪಸ್ ಬರಲಿ ಅಂತ ಕತ್ತಲಾಗುವವರೆಗೆ ಕಾದು, ಕೊನೆಯ ಗೊಂಚಲನ್ನೂ ತಗೊಂಡೆ. ಮೋಟರ್ ನಿಂತ ಕೂಡಲೇ ಮುಚ್ಚಳ ತೆಗೆದು ಜಾಲರಿ ಬಯಲು ಮಾಡಬೇಕು. ಗಾಳಿ ನಿಂತರೆ ತುಂಬಿದ ಡಬ್ಬಿ ಬೇಗ ಕಾಯುತ್ತದೆ.

ಈಗ ತಳದ ತಗಡಿನ ಕೆಲಸ. ಮರಿ ಎರಿ, ರಾಣಿ ಇದ್ದ ಪೆಟ್ಟಿಗೆಯ ಮೇಲೆ ಡಬ್ಬಿ ಕೂರಿಸಿ ತಗಡು ಎಳೆದೆ. ಸುರಿಯುವುದು, ಕೊಡವುವುದು ಏನೂ ಇಲ್ಲ. ಭೋರ್ ಅಂತಿದ್ದ ಸದ್ದು ಸ್ವಲ್ಪ ಹೊತ್ತಿಗೆ ಇಳಿಯಿತು. ಎಲ್ಲಾ ಕೆಳಗೆ ಮರಿಗಳ ಹತ್ತಿರ ಹೋದವು. ಡಬ್ಬಿಯಲ್ಲಿ ಉಳಿದ ಸತ್ತ ಹುಳುಗಳನ್ನು ಪೇಪರ್ ಮೇಲೆ ಹಾಕಿ ಎಣಿಸಿದೆ. 23.

ಎರಡು ಮಾತು ಖಡಾಖಂಡಿತವಾಗಿ ಹೇಳಬೇಕು. ಅಪಾರ್ಟ್‌ಮೆಂಟ್ ಸಜ್ಜಾಗಳ ಕೆಳಗೆ ನೇತಾಡುವ ಹೆಜ್ಜೇನಿಗೆ ಈ ಯಂತ್ರ ಒಯ್ಯಬೇಡಿ. ಅದು ಪೆಟ್ಟಿಗೆಯಲ್ಲಿ ನಿಲ್ಲುವ ಜಾತಿಯಲ್ಲ, ರೇಗಿದರೆ ಹಿಂಡೇ ಅಟ್ಟಿಸಿಕೊಂಡು ಬರುತ್ತದೆ. ತಾನಾಗಿ ವಲಸೆ ಹೋಗುವವರೆಗೆ ಬಿಡುವುದು ವಾಸಿ. ಇನ್ನು ತುಡುವೆಗೂ ಮುಸುಕು, ಗ್ಲೌಸ್ ಇಲ್ಲದೆ ಇಳಿಯಬೇಡಿ. ಕುಟುಕಿದಾಗ ಮೈಯೆಲ್ಲಾ ದದ್ದು ಏಳುವವರು, ಉಸಿರು ಕಟ್ಟುವವರು ಈ ಕೆಲಸಕ್ಕೇ ಬರಬಾರದು. ಕಲಿಯುವ ಆಸೆ ಇದ್ದವರು ಬೆಂಗಳೂರಿನ ಜಿಕೆವಿಕೆ ಆವರಣದ ಕೃಷಿ ವಿಶ್ವವಿದ್ಯಾಲಯದಲ್ಲಿ ವಿಚಾರಿಸಿ.

ಪೆಟ್ಟಿಗೆಯನ್ನು ಅದೇ ರಾತ್ರಿ ಮಾಗಡಿ ಕಡೆಯ ಗೆಳೆಯನ ತೋಟಕ್ಕೆ ಒಯ್ದೆ. ಹತ್ತಿರದಲ್ಲೇ ಇಟ್ಟರೆ ಹುಳುಗಳು ಹಳೇ ಮೆಟ್ಟಿಲಿಗೇ ವಾಪಸ್ ಹೋಗುತ್ತವೆ. ಬಾಗಿಲಿಗೆ ರಾಣಿ ತಡೆ (ಉಳಿದ ಹುಳು ನುಸುಳಬಹುದು, ರಾಣಿ ದಾಟಲಾರಳು) ಹಾಕಿ, ಪಂಜರ ತೆರೆದು ಅವಳನ್ನು ಎರಿಗಳ ನಡುವೆ ಬಿಟ್ಟೆ. ತುಡುವೆ ಮನಸ್ಸಿಗೆ ಬರದಿದ್ದರೆ ಗೂಡು ಬಿಟ್ಟು ಎದ್ದು ಹೋಗುವ ಜಾತಿ. ಮೂರನೇ ದಿನ ಬೆಳಿಗ್ಗೆ ಹೋಗಿ ಬಾಗಿಲ ಮುಂದೆ ಕೂತೆ. ಒಂದೊಂದೇ ಬಂದು ಇಳಿಯುತ್ತಿದ್ದವು, ಹಿಂಗಾಲಿನಲ್ಲಿ ಹಳದಿ ಪರಾಗದ ಉಂಡೆ. ಮರಿಗಳಿಗೆ ಮೇವು ತರುತ್ತಿವೆ ಅಂದರೆ ನಿಂತವು ಅಂತಲೇ ಅರ್ಥ. ಅಲ್ಲಿಂದಲೇ ಅಜ್ಜಿಗೆ ಫೋನ್ ಮಾಡಿದೆ.