ಫೈಬರ್ ವೈರನ್ನು ಬಳೆಗಿಂತ ಚಿಕ್ಕದಾಗಿ ಸುತ್ತಬೇಡಿ

ಕಳೆದ ಮಳೆಗಾಲದಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರವಿರುವ ಅತ್ತೆಯ ಮನೆಗೆ ಹೋಗಿದ್ದೆ. ಕಾಲು ತೊಳೆದು ಒಳಗೆ ಬರುತ್ತಿದ್ದಂತೆ ಅತ್ತೆ ನೇರ ಟಿವಿ ಕೋಣೆಗೆ ಕರೆದುಕೊಂಡು ಹೋದರು. "ಮೂರು ದಿನ ಆಯ್ತು ಮಾರಾಯ, ಈ ಕೆಂಪು ದೀಪ ಮಿಣುಕ್ತಾನೇ ಇದೆ. ರಸ್ತೆ ತಿರುವಿಗೆ ಹೋಗಿ ಫೋನ್ ಮಾಡಿದ್ರೆ ನಾಳೆ ಬರ್ತೇವೆ ಅಂತಾರೆ, ಆ ನಾಳೆ ಬರೋದೇ ಇಲ್ಲ" ಎಂದರು.

ಮೋಡೆಮ್ ಟಿವಿ ಸ್ಟ್ಯಾಂಡಿನ ಮೇಲಿತ್ತು. ಅದಕ್ಕೆ ಬರುವ ಹಳದಿ ಫೈಬರ್ ವೈರನ್ನು, ಅಂದರೆ ಬೆಳಕಿನಲ್ಲಿ ಇಂಟರ್‌ನೆಟ್ ತರುವ ಗಾಜಿನ ಎಳೆಯ ವೈರನ್ನು, ಯಾರೋ ಚೆಂದ ಕಾಣಲೆಂದು ನಾಲ್ಕು ಮಡಿಕೆ ಮಾಡಿ, ರಬ್ಬರ್ ಬ್ಯಾಂಡ್ ಹಾಕಿ, ಸ್ಟ್ಯಾಂಡಿಗೂ ಗೋಡೆಗೂ ನಡುವೆ ಒತ್ತಿಟ್ಟಿದ್ದರು. ಬ್ಯಾಂಡ್ ಬಿಚ್ಚಿ, ವೈರನ್ನು ಸಡಿಲ ಬಿಟ್ಟೆ. ನಿಮಿಷದೊಳಗೆ ಕೆಂಪು ದೀಪ ಆರಿತು. ಆದರೂ ಇಂಟರ್‌ನೆಟ್ ಬರಲಿಲ್ಲ. ಹಿಂದಿನ ದಿನ ಪಕ್ಕದ ಮನೆಯ ಹುಡುಗ ಸಹಾಯಕ್ಕೆಂದು ಬಂದು, ಹಿಂಬದಿಯ ರೀಸೆಟ್ ತೂತಿಗೆ ಪಿನ್ನು ಚುಚ್ಚಿದ್ದ. ಕಂಪನಿಯವರು ಹಾಕಿಕೊಟ್ಟಿದ್ದ ಯೂಸರ್ ನೇಮು, ಪಾಸ್‌ವರ್ಡು, ಕಂಪನಿಯ ಜಾಲ ಸೇರಲು ಬೇಕಾದ ವಿಲ್ಯಾನ್ ನಂಬರು ಎಲ್ಲ ಅಳಿಸಿಹೋಗಿತ್ತು. ಮತ್ತೆ ಎರಡು ದಿನ ಕಾಯಬೇಕಾಯಿತು.

ವೈರು ಮಡಚುವುದು, ರೀಸೆಟ್ ಒತ್ತುವುದು. ಈ ಎರಡು ತಪ್ಪನ್ನು ಎಷ್ಟು ಮನೆಗಳಲ್ಲಿ ನೋಡಿದ್ದೇನೋ ಲೆಕ್ಕವಿಲ್ಲ. ಹೊಸದಾಗಿ ಫೈಬರ್ ಹಾಕಿಸುವವರು ಈ ಕ್ರಮದಲ್ಲಿ ಹೋದರೆ ಆ ತೊಂದರೆ ಬರುವುದಿಲ್ಲ.

ಹೆಜ್ಜೆ 1: ಮೋಡೆಮ್ ಸ್ವಂತದ್ದೋ, ಕಂಪನಿಯದ್ದೋ?

ನಾವು ಮೋಡೆಮ್ ಎನ್ನುವ ಬಾಕ್ಸಿಗೆ ಕಂಪನಿಯವರು ಒಎನ್‌ಟಿ ಎನ್ನುತ್ತಾರೆ. ವೈರಿನಲ್ಲಿ ಬರುವ ಬೆಳಕನ್ನು ವಿದ್ಯುತ್ ಸಂಕೇತವಾಗಿ ಬದಲಿಸುವುದು ಅದರ ಕೆಲಸ. ವಾಪಸ್ ಸಿಗುವ ಡೆಪಾಸಿಟ್ ಮೇಲೆ ಕೊಡುತ್ತಾರಾದರೆ ಕಣ್ಣು ಮುಚ್ಚಿ ಕಂಪನಿಯದ್ದನ್ನೇ ತೆಗೆದುಕೊಳ್ಳಿ. ಕೆಟ್ಟರೆ ಅವರೇ ಬದಲಿಸುತ್ತಾರೆ. ತಿಂಗಳ ಬಾಡಿಗೆ ಎಂದರೆ ಮಾತ್ರ ಲೆಕ್ಕ ಹಾಕಬೇಕು. ತಿಂಗಳಿಗೆ 100 ರೂಪಾಯಿಯಾದರೆ ಎರಡು ವರ್ಷಕ್ಕೆ 2,400 ಆಯಿತು. ಅಂಥ ಕಡೆ ಸ್ವಂತದ್ದನ್ನು ಕೊಳ್ಳುವುದೇ ಸರಿ.

ಕೊಳ್ಳುವ ಮೊದಲು ಕೇಬಲ್‌ನವರ ಹತ್ತಿರ ಎರಡು ಮಾತು ಕೇಳಿಕೊಳ್ಳಿ. ಫೈಬರ್ ಲೈನಿನಲ್ಲಿ ಜಿಪಾನ್, ಇಪಾನ್ ಎಂದು ಎರಡು ಬಗೆ, ನಿಮ್ಮದು ಯಾವುದು? ಹೊರಗಿಂದ ತಂದ ಮೋಡೆಮ್ಮಿನ ಸೀರಿಯಲ್ ನಂಬರನ್ನು ನಿಮ್ಮ ಕಡೆಯ ಯಂತ್ರಕ್ಕೆ ಸೇರಿಸಿಕೊಡುತ್ತೀರಾ? ಎರಡನೆಯದಕ್ಕೆ ಇಲ್ಲ ಎಂದರೆ ಎಷ್ಟೇ ಒಳ್ಳೆಯ ಬಾಕ್ಸ್ ತಂದರೂ ಪ್ರಯೋಜನವಿಲ್ಲ. ಎಕ್ಸ್‌ಪಾನ್ ಎಂದು ಬರೆದದ್ದು ಸಾಮಾನ್ಯವಾಗಿ ಎರಡೂ ಬಗೆಯ ಲೈನಿಗೆ ಹೊಂದುತ್ತದೆ. ಸೆಕೆಂಡ್ ಹ್ಯಾಂಡ್ ಮೋಡೆಮ್ ಬೇಡವೇ ಬೇಡ. ಒಂದು ಕಂಪನಿಯ ಸಾಫ್ಟ್‌ವೇರಿಗೆ ಬೀಗ ಹಾಕಿದವು ಬಹಳ ಬರುತ್ತವೆ, ಇನ್ನೊಂದು ಕಂಪನಿಯ ಲೈನಿನಲ್ಲಿ ಅವು ಏಳುವುದೇ ಇಲ್ಲ.

ತೀರಾ ಅಗ್ಗದ, 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಇರುವ ಸಿಂಗಲ್ ಬ್ಯಾಂಡ್ ಬಾಕ್ಸುಗಳಿಂದಲೂ ದೂರ ಇರಿ. ಅವುಗಳಲ್ಲಿ ಹೆಚ್ಚಿನವುಗಳ ಲ್ಯಾನ್ ಪೋರ್ಟು (ಕಂಪ್ಯೂಟರಿಗೆ ಹೋಗುವ ವೈರು ಚುಚ್ಚುವ ಜಾಗ) 100 ಎಂಬಿಪಿಎಸ್‌ನದ್ದು. ನೀವು 200 ಎಂಬಿಪಿಎಸ್ ಪ್ಲಾನಿಗೆ ದುಡ್ಡು ಕಟ್ಟುತ್ತೀರಿ, ಕಂಪ್ಯೂಟರಿಗೆ ಸಿಗುವುದು 95ರ ಆಸುಪಾಸು. ಗಿಗಾಬಿಟ್ (1,000 ಎಂಬಿಪಿಎಸ್) ಪೋರ್ಟು, 2.4 ಮತ್ತು 5 ಗಿಗಾಹರ್ಟ್ಸ್ ಎರಡೂ ಇರುವುದನ್ನೇ ಕೇಳಿ ತೆಗೆದುಕೊಳ್ಳಿ.

ಹೆಜ್ಜೆ 2: ಜಾಗ ನೀವೇ ಗೊತ್ತು ಮಾಡಿ

ಲೈನ್‌ಮನ್ ಬಂದ ಮೇಲೆ "ಎಲ್ಲಿ ಇಡ್ಲಿ ಸಾರ್?" ಎಂದು ಕೇಳುತ್ತಾನೆ, ನಾವು ಟಿವಿ ತೋರಿಸುತ್ತೇವೆ. ಅಲ್ಲೇ ತಪ್ಪುತ್ತದೆ. ಟಿವಿಯ ಹಿಂದೆ, ಕಬ್ಬಿಣದ ಬೀರುವಿನ ಪಕ್ಕ, ದೊಡ್ಡ ಕನ್ನಡಿಯ ಹಿಂದೆ ಇಟ್ಟರೆ ಆ ದಿಕ್ಕಿಗೆ ವೈಫೈ ಹಾಯುವುದಿಲ್ಲ. ಮನೆಯ ನಡುಭಾಗದಲ್ಲಿ, ತಲೆಯೆತ್ತರದ ತೆರೆದ ಜಾಗ ಬೇಕು. ಕರಾವಳಿಯ ಚಿರೆಕಲ್ಲಿನ ಗೋಡೆ, ಹಳೇ ಮನೆಗಳ ಮೊಳದಪ್ಪದ ಮಣ್ಣಿನ ಗೋಡೆ ಎರಡು ದಾಟುವಷ್ಟರಲ್ಲಿ 5 ಗಿಗಾಹರ್ಟ್ಸ್ ಸಿಗ್ನಲ್ ಸೋತುಹೋಗಿರುತ್ತದೆ. ಅಂಥ ಮನೆಯಲ್ಲಿ ಇನ್ನೊಂದು ಕೋಣೆಗೆ ಲ್ಯಾನ್ ಕೇಬಲ್ ಎಳೆದು ಅಲ್ಲೊಂದು ರೂಟರ್ ಇಡುವುದೇ ಸರಿಯಾದ ದಾರಿ. ಲ್ಯಾನ್ ಕೇಬಲ್ಲಿಗೆ ಪಿನ್ನು ಹಾಕಿಸುವಾಗ ಎಂಟೂ ಎಳೆ ಕೂರಿಸಿದ್ದಾರಾ ನೋಡಿ. ಕೆಲವರು ನಾಲ್ಕೇ ಎಳೆ ಹಾಕಿ ಮುಗಿಸುತ್ತಾರೆ. ಅದರಲ್ಲಿ 100ಕ್ಕಿಂತ ಹೆಚ್ಚು ವೇಗ ಬರುವುದಿಲ್ಲ.

ಹೆಜ್ಜೆ 3: ಕಂಬದಿಂದ ಮೋಡೆಮ್‌ವರೆಗಿನ ವೈರು

ಈ ಕೆಲಸ ನಡೆಯುವಾಗ ಮನೆಯವರು ಎದುರಿಗೆ ನಿಂತಿರಲೇಬೇಕು. ಯಾಕೆಂದರೆ ಕಂಪನಿಯಿಂದ ಹೊರಡುವ ಒಂದೇ ಎಳೆಯ ಬೆಳಕನ್ನು ದಾರಿಯಲ್ಲಿ 32 ಅಥವಾ 64 ಮನೆಗಳಿಗೆ ಹಂಚಿರುತ್ತಾರೆ. ನಮ್ಮ ಮನೆಗೆ ಬರುವ ಹೊತ್ತಿಗೆ ಅದು ಮೊದಲೇ ತೆಳುವಾಗಿರುತ್ತದೆ. ಅದು ಬರುವ ಗಾಜಿನ ಎಳೆಯ ದಪ್ಪ ಒಂದು ಮಿಲಿಮೀಟರಿನ ಎಂಟನೇ ಒಂದು ಭಾಗ. ಅದರಲ್ಲೂ ಬೆಳಕು ಹರಿಯುವುದು ನಟ್ಟನಡುವಿನ 9 ಮೈಕ್ರೋಮೀಟರಿನಲ್ಲಿ. ವೈರು ಚೂಪಾಗಿ ಬಾಗಿದಲ್ಲಿ ಬೆಳಕು ಗಾಜಿನಿಂದ ಹೊರಗೆ ಸೋರಿಹೋಗುತ್ತದೆ. ವೈರು ತುಂಡಾಗಬೇಕೆಂದೇ ಇಲ್ಲ, ಬಾಗಿದರೆ ಸಾಕು.

ಹಾಗಾದರೆ ಎಷ್ಟು ಬಾಗಿಸಬಹುದು? ಹೆಂಗಸರ ಕೈಬಳೆಯನ್ನು ಅಳತೆಗೆ ಇಟ್ಟುಕೊಳ್ಳಿ. ಅದರ ಅಡ್ಡಗಲ ಸುಮಾರು ಆರು ಸೆಂಟಿಮೀಟರ್, ಹಳೆಯ ಬಗೆಯ ಫೈಬರಿನ ಮಿತಿಯೂ ಅದೇ. ಹೊಸ ಬಗೆಯ ಫೈಬರ್ ಇನ್ನೂ ಹೆಚ್ಚು ಬಾಗುತ್ತದೆ, ನಿಜ. ಆದರೆ ನಿಮ್ಮ ಮನೆಗೆ ಬಂದದ್ದು ಯಾವುದೆಂದು ಹೊರಗಿಂದ ನೋಡಿದರೆ ತಿಳಿಯುವುದಿಲ್ಲವಾದ್ದರಿಂದ ಬಳೆಯ ಲೆಕ್ಕವನ್ನೇ ಹಿಡಿಯಿರಿ.

ಕಂಬದಿಂದ ಬರುವ ಕಪ್ಪು ಚಪ್ಪಟೆ ಕೇಬಲ್ಲನ್ನು ಹತ್ತಿರದಿಂದ ನೋಡಿ. ಒಂದು ಅಂಚಿನಲ್ಲಿ ಉಕ್ಕಿನ ತಂತಿ ಇರುತ್ತದೆ, ಇನ್ನೊಂದು ಭಾಗದಲ್ಲಿ ಗಾಜಿನ ಎಳೆ. ಕೊಕ್ಕೆಗೆ ಕಟ್ಟಬೇಕಾದದ್ದು ಉಕ್ಕಿನ ತಂತಿಯನ್ನು ಮಾತ್ರ. ತುದಿಯಲ್ಲಿ ಎರಡನ್ನೂ ಸೀಳಿ ಬೇರೆ ಮಾಡಿ, ತಂತಿಯನ್ನು ಗೋಡೆಯ ಹೊರಗೇ ಕೊಕ್ಕೆಗೆ ಸುತ್ತಿ ಅಲ್ಲಿಗೇ ಕತ್ತರಿಸಬೇಕು. ಗಾಜಿನ ಭಾಗವಷ್ಟೇ ಒಳಗೆ ಬರಬೇಕು. ಅವಸರದಲ್ಲಿ ಎರಡನ್ನೂ ಸೇರಿಸಿ ಗಂಟು ಹಾಕುವವರಿದ್ದಾರೆ. ಒಂದು ಗಾಳಿಮಳೆಗೆ ಎಳೆ ಜಗ್ಗಿ ಒಳಗೇ ಮುರಿಯುತ್ತದೆ. ತೋಟದ ನಡುವೆ ಲೈನು ಬರುವುದಾದರೆ ಅಡಿಕೆ ಮರಕ್ಕೆ ಬಿಗಿಯಾಗಿ ಕಟ್ಟಿಸಬೇಡಿ. ಅಡಿಕೆ ಮರ ತೂಗುವಷ್ಟು ತೂಗಲು ಕೇಬಲ್ಲಿಗೂ ಜೋಲು ಬೇಕು.

ಗೋಡೆಗೆ ತೂತು ಕೊರೆಯುವಾಗ ಹೊರಬದಿಗೆ ಇಳಿಜಾರು ಇರಲಿ. ಕೇಬಲ್ ತೂತಿಗೆ ನುಗ್ಗುವ ಮೊದಲು ಒಂದು ಗೇಣು ಕೆಳಗೆ ಜೋತು ಮತ್ತೆ ಮೇಲೇರಿ ಒಳಗೆ ಹೋಗಬೇಕು. ಮಳೆನೀರು ಆ ಜೋಲಿನ ತುದಿಯಲ್ಲೇ ತೊಟ್ಟಿಕ್ಕುತ್ತದೆ, ಗೋಡೆಯೊಳಗೆ ಬರುವುದಿಲ್ಲ. ತೂತಿಗೆ ಎಂ-ಸೀಲ್ ಹಾಕಿ ಮುಚ್ಚಿ, ಇಲ್ಲದಿದ್ದರೆ ಇರುವೆ ಸಾಲು ಹಿಡಿಯುತ್ತದೆ. ತೂತು ಕೊರೆಯಲು ಬೇಸರವೆಂದು ಕಿಟಕಿ ಸಂದಿಯಿಂದ ಕೇಬಲ್ ತರುವುದು ಎಲ್ಲಕ್ಕಿಂತ ಕೆಟ್ಟ ಅಡ್ಡದಾರಿ. ಕಿಟಕಿ ಹಾಕಿದಾಗಲೆಲ್ಲ ಅದೇ ಜಾಗದಲ್ಲಿ ಕೇಬಲ್ ಅಪ್ಪಚ್ಚಿಯಾಗುತ್ತದೆ. ಸಂಜೆ ಸೊಳ್ಳೆ ಬರುತ್ತದೆಂದು ಕಿಟಕಿ ಮುಚ್ಚಿದ ಮೇಲೆ ನೆಟ್ ಹೋಗುವ ಮನೆಗಳನ್ನು ನಾನು ನೋಡಿದ್ದೇನೆ. ಮನೆಯವರು ಅದನ್ನು ಕಂಪನಿಯ ತಪ್ಪೆಂದೇ ತಿಳಿದಿದ್ದರು.

ಒಳಗೆ ಗೋಡೆಗುಂಟ ಕೂರಿಸುವಾಗ ಕ್ಲಿಪ್ಪಿನ ಮೊಳೆಯನ್ನು ಸುತ್ತಿಗೆಯಿಂದ ಕೊನೆಯವರೆಗೂ ಹೊಡೆಯಬಾರದು. ಕೇಬಲ್ಲನ್ನು ಬೆರಳಿನಿಂದ ಹಿಂದೆಮುಂದೆ ಸರಿಸಿದರೆ ಸರಿಯಬೇಕು, ಅಷ್ಟು ಸಡಿಲ. ಮೂಲೆಯಲ್ಲಿ ಗೋಡೆಗೆ ಅಂಟಿಸಿ ಮಡಿಸದೆ ದುಂಡಗೆ ತಿರುಗಿಸಿ. ಮೋಡೆಮ್ ಹತ್ತಿರ ಎರಡು ಮೂರು ಮೀಟರ್ ಹೆಚ್ಚುವರಿ ಉಳಿಸಿ, ಊಟದ ತಟ್ಟೆಯಷ್ಟು ಅಗಲದ ಸುರುಳಿ ಮಾಡಿ ಮೊಳೆಗೆ ತೂಗುಹಾಕಿ. ಮುಂದೊಂದು ದಿನ ತುದಿ ಹಾಳಾದರೆ ಅಷ್ಟನ್ನು ಕತ್ತರಿಸಿ ಹೊಸ ತುದಿ ಹಾಕಬಹುದು.

ಆ ತುದಿ ಹಾಕುವ ಬಗೆಯೂ ಎರಡಿದೆ. ಕೈಯಲ್ಲೇ ಒತ್ತಿ ಕೂರಿಸುವ ಫಾಸ್ಟ್ ಕನೆಕ್ಟರ್ ಒಂದು, ಯಂತ್ರದಲ್ಲಿ ಗಾಜನ್ನು ಕರಗಿಸಿ ಬೆಸೆಯುವ ಸ್ಪ್ಲೈಸಿಂಗ್ ಇನ್ನೊಂದು. ಸ್ಪ್ಲೈಸಿಂಗ್ ಮಾಡಿಯೇ ಕೊಡಿ ಎಂದು ಪಟ್ಟು ಹಿಡಿಯಿರಿ. ಫಾಸ್ಟ್ ಕನೆಕ್ಟರ್ ಮೊದಲ ದಿನ ಚೆನ್ನಾಗಿಯೇ ಇರುತ್ತದೆ, ದಿನ ಕಳೆದಂತೆ ಒಳಗಿನ ಜೆಲ್ ಒಣಗಿ ಅಥವಾ ಎಳೆ ಸರಿದು ಸಿಗ್ನಲ್ ಇಳಿಯತೊಡಗಬಹುದು.

ತುದಿಯ ಬಣ್ಣವನ್ನೂ ನೋಡಿ. ಹಸಿರು ತುದಿಯನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ, ನೀಲಿಯದ್ದು ನೇರ. ಹಸಿರಿಗೆ ಹಸಿರು, ನೀಲಿಗೆ ನೀಲಿ. ಒಂದನ್ನು ಇನ್ನೊಂದಕ್ಕೆ ತುರುಕಿದರೆ ನಡುವೆ ಸಂದಿ ಉಳಿದು ಬೆಳಕು ಪೋಲಾಗುತ್ತದೆ, ಮುಖವೂ ಗೀರುತ್ತದೆ. ತುದಿಯನ್ನು ಬೆರಳಲ್ಲಿ ಮುಟ್ಟಬೇಡಿ, ಬಾಯಲ್ಲಿ ಊದಬೇಡಿ. ಉಸಿರಿನ ತೇವ ಅಂಟಿಕೊಳ್ಳುತ್ತದೆ. ಬೆಳಕು ಬರುತ್ತಿದೆಯಾ ಎಂದು ಕಣ್ಣಿಟ್ಟು ನೋಡುವುದಂತೂ ಕೂಡದು. ಅದು ಕಣ್ಣಿಗೆ ಕಾಣದ ಲೇಸರ್ ಬೆಳಕು. ಮಕ್ಕಳಿಗೂ ಹೇಳಿಡಿ.

ಟಿವಿ ಕೇಬಲ್ಲಿನಲ್ಲೇ ಇಂಟರ್‌ನೆಟ್ ಬರುವ ಮನೆಯವರಿಗೂ ಇಲ್ಲೇ ಒಂದು ಮಾತು. ಆ ತಾಮ್ರದ ವೈರು ಬಾಗುವುದಕ್ಕೆ ಇಷ್ಟು ಹೆದರಬೇಕಿಲ್ಲ, ಅಲ್ಲಿ ಹೆದರಬೇಕಾದದ್ದು ಸ್ಪ್ಲಿಟರಿಗೆ. ಒಂದನ್ನು ಎರಡು ಮಾಡುವ ಪ್ರತಿ ಸ್ಪ್ಲಿಟರ್ ದಾಟಿದಾಗಲೂ ಒಂದೊಂದು ಕವಲಿಗೆ ಸಿಗುವುದು ಅರ್ಧಕ್ಕಿಂತ ಕಡಿಮೆ ಸಿಗ್ನಲ್. ಮೋಡೆಮ್ಮಿಗೆ ಮೊದಲ ಕವಲಿನಿಂದಲೇ ವೈರು ಕೊಡಿ, ಟಿವಿಗಳಿಗೆ ಆಮೇಲೆ ಹಂಚಿ.

ಹೆಜ್ಜೆ 4: ದೀಪ ಓದಿ, ಅಂಕಿ ಬರೆದಿಡಿ

ಪಿ-ಒ-ಎನ್ ಎಂಬ ದೀಪ ಹಸಿರಾಗಿ ನಿಂತು ಉರಿಯಬೇಕು. ಅದು ಮಿಣುಕುತ್ತಿದ್ದರೆ ಬೆಳಕು ಬಂದಿದೆ, ಕಂಪನಿಯ ಯಂತ್ರ ಇನ್ನೂ ಗುರುತಿಸಿಲ್ಲ ಎಂದರ್ಥ. ಎಲ್-ಒ-ಎಸ್ ಕೆಂಪಗೆ ಮಿಣುಕಿದರೆ ಬೆಳಕೇ ಸಾಲುತ್ತಿಲ್ಲ.

ಈಗ ಹೆಚ್ಚಿನವರು ಮಾಡದ ಕೆಲಸ. ಮೊಬೈಲನ್ನು ವೈಫೈಗೆ ಸೇರಿಸಿ, ಬ್ರೌಸರಿನಲ್ಲಿ 192.168.1.1 ಎಂದು ಒತ್ತಿ. ಬಹುತೇಕ ಮೋಡೆಮ್‌ಗಳು ಅಲ್ಲೇ ಸಿಗುತ್ತವೆ, ಒಳಗೆ ಹೋಗುವ ಪಾಸ್‌ವರ್ಡ್ ಬಾಕ್ಸಿನ ಅಡಿಯಲ್ಲಿರುತ್ತದೆ. ಸ್ಟೇಟಸ್ ಪುಟದಲ್ಲಿ ಆಪ್ಟಿಕಲ್ ಎಂಬ ಕಡೆ ಆರ್‌ಎಕ್ಸ್ ಪವರ್, ಅಂದರೆ ಮೋಡೆಮ್ಮಿಗೆ ಬಂದು ತಲುಪುವ ಬೆಳಕಿನ ಬಲ, ನೋಡಿ. ಮೈನಸ್ ಅಂಕಿ ಇರುತ್ತದೆ. ಮೈನಸ್ 15ರಿಂದ 24ರೊಳಗಿದ್ದರೆ ನೆಮ್ಮದಿ. ಮೈನಸ್ 27 ದಾಟಿದರೆ ಲೈನು ಹೋಗುವ ಅಂಚಿನಲ್ಲಿದೆ. ಪ್ರತಿ 3 ಅಂಕಿ ಇಳಿದಾಗ ಬೆಳಕು ಅರ್ಧವಾಗುತ್ತದೆ. 21 ಇದ್ದದ್ದು 27 ಆಯಿತೆಂದರೆ ಕಾಲು ಭಾಗ ಉಳಿದಿದೆ ಎಂದು ಲೆಕ್ಕ. ಮೊದಲ ದಿನದ ಅಂಕಿ, ಯೂಸರ್ ನೇಮು, ಸೀರಿಯಲ್ ನಂಬರು ಮೂರನ್ನೂ ಒಂದು ಚೀಟಿಯಲ್ಲಿ ಬರೆದು ಬೀರುವಿನ ಬಾಗಿಲ ಒಳಗೆ ಅಂಟಿಸಿ.

ವೈಫೈ ಹೆಸರು, ಪಾಸ್‌ವರ್ಡನ್ನು ಅಂದೇ ಬದಲಿಸಿ. ರೀಸೆಟ್ ತೂತಿನ ಮೇಲೆ ಒಂದು ತುಂಡು ಟೇಪು ಹಚ್ಚಿ. ನೆಟ್ ನಿಧಾನವಾದರೆ ಪವರ್ ತೆಗೆದು ಅರ್ಧ ನಿಮಿಷ ಬಿಟ್ಟು ಹಾಕಿ, ಅಷ್ಟೇ.

ಹೆಜ್ಜೆ 5: ಕರೆಂಟು ಮತ್ತು ಸಿಡಿಲು

ಕರೆಂಟು ಹೋದಾಗ ಮೋಡೆಮ್ ಆರಿ, ಮತ್ತೆ ಎದ್ದು ಲೈನು ಹಿಡಿಯಲು ಎರಡು ಮೂರು ನಿಮಿಷ ಬೇಕು. ಒಂದು ಮಿನಿ ಯುಪಿಎಸ್ ಇಟ್ಟರೆ ಆ ತೊಂದರೆ ಇಲ್ಲ. ಆದರೆ ಡಬ್ಬದ ಮೇಲೆ ದೊಡ್ಡದಾಗಿ ಬರೆದ ಎಂಎಎಚ್ ಅಂಕಿಯನ್ನು ನಂಬಬೇಡಿ. 10,000 ಎಂಎಎಚ್ ಎನ್ನುವುದು ಒಳಗಿನ 3.7 ವೋಲ್ಟಿನ ಸೆಲ್ಲಿನ ಲೆಕ್ಕ, ಅಂದರೆ 37 ವ್ಯಾಟ್-ಅವರ್. 9 ವ್ಯಾಟ್ ಎಳೆಯುವ ಮೋಡೆಮ್ಮಿಗೆ ಕಾಗದದ ಮೇಲೆ ನಾಲ್ಕು ತಾಸು, ನಿಜದಲ್ಲಿ ಮೂರು. ವೋಲ್ಟೇಜ್ ಮಾತ್ರ ಸರಿಯಾಗಿ ಹೊಂದಲೇಬೇಕು. ಮೋಡೆಮ್ ಅಡಿಯಲ್ಲಿ 12 ವೋಲ್ಟ್ ಎಂದಿದ್ದರೆ 12ರದ್ದೇ ಬೇಕು. ಆಂಪಿಯರ್ ಹೆಚ್ಚಿದ್ದರೆ ತೊಂದರೆಯಿಲ್ಲ, ಕಡಿಮೆ ಇರಬಾರದು. ಪಿನ್ನು ಕೂರುತ್ತದೆಂದು ಬೇರೆ ಯಾವುದೋ ಅಡಾಪ್ಟರ್ ಚುಚ್ಚಬೇಡಿ.

ಏಪ್ರಿಲ್, ಮೇ ತಿಂಗಳ ಗುಡುಗುಮಳೆಗೆ ಸ್ವಿಚ್ ಆಫ್ ಮಾಡಿದರೆ ಸಾಲದು, ಅಡಾಪ್ಟರನ್ನು ಸಾಕೆಟ್ಟಿನಿಂದ ಕಿತ್ತಿಡಿ. ಗಾಜಿನ ಎಳೆಯಲ್ಲಿ ಸಿಡಿಲು ಹರಿಯುವುದಿಲ್ಲ, ಆದರೆ ಕರೆಂಟಿನ ಲೈನಿನಲ್ಲಿ, ಕೊಟ್ಟಿಗೆ ಕಡೆಗೆ ಎಳೆದ ಲ್ಯಾನ್ ಕೇಬಲ್ಲಿನಲ್ಲಿ ಹರಿಯುತ್ತದೆ. ಉಕ್ಕಿನ ತಂತಿಯನ್ನು ಹೊರಗೇ ಕತ್ತರಿಸಿ ಎಂದದ್ದು ಇದಕ್ಕೂ ಸೇರಿಯೇ.

ಅತ್ತೆಯ ಮನೆಯ ಬೀರುವಿನಲ್ಲಿ ಈಗ ಆ ಚೀಟಿ ಇದೆ. ಹೋದ ತಿಂಗಳು ನೆಟ್ ಬಿಟ್ಟು ಬಿಟ್ಟು ಬರತೊಡಗಿದಾಗ ಅವರು ರಸ್ತೆ ತಿರುವಿಗೆ ಹೋಗಿ ಫೋನ್ ಮಾಡಿ, "ಮೈನಸ್ 21 ಇತ್ತು, ಈಗ 27 ತೋರಿಸ್ತಾ ಇದೆ" ಎಂದರಂತೆ. ಲೈನ್‌ಮನ್ ಅದೇ ಸಂಜೆ ಸ್ಪ್ಲೈಸಿಂಗ್ ಯಂತ್ರ ಹೊತ್ತುಕೊಂಡೇ ಬಂದ. ತೋಟದಲ್ಲಿ ತೆಂಗಿನ ಹೆಡೆಯೊಂದು ಕೇಬಲ್ ಮೇಲೆ ಬಿದ್ದಿತ್ತು.